ಗಾಡಿ ಎಳೆಯಲು ಬಂದರೆ



ಆಲೂಗಡ್ಡೆ ಹಾಸನದ ಮಾರುಕಟ್ಟೆಗೆ ಹೋಗಬೇಕು. ಅರಕಲಗೂಡು ಕಡೆಯ ಹೊಗೆಸೊಪ್ಪು ರಾಮನಾಥಪುರಕ್ಕೆ ಹೋಗಬೇಕು. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಸಾಗಿಸಬೇಕು. ಹೀಗೆ ಎಷ್ಟೋ ಮನೆಗೆ ಗೂಡ್ಸ್ ಆಟೋ ಬಂತು, ಬೈಕು ಬಂತು. ಎಲ್ಲಾ ಸಾಲದ್ದೇ. ಬೆಳೆ ದುಡ್ಡು ಬರೋದು ಸುಗ್ಗಿಗೆ. ಕಂತು ಮಾತ್ರ ತಿಂಗಳು ತಿಂಗಳು. ಎರಡು ಮೂರು ಕಂತು ನಿಂತಿತೋ, ಹೊಳೆನರಸೀಪುರದ ರಸ್ತೆಯಲ್ಲಿ ನಾಲ್ಕು ಜನ ಅಡ್ಡ ನಿಲ್ಲುತ್ತಾರೆ. "ಕೀ ಕೊಡು" ಅಂತಾರೆ.

ಸಾಲ ತೀರುವವರೆಗೆ ಗಾಡಿ ಅಡವು ಇದ್ದ ಹಾಗೆ. ಆರ್.ಸಿ.ಯಲ್ಲಿ ಫೈನಾನ್ಸಿನ ಹೆಸರೂ ಇರುತ್ತದೆ, ಓದಿ ನೋಡಿ. ಕಂತು ಕಟ್ಟದಿದ್ದರೆ ಸಾಲಪತ್ರದ ಪ್ರಕಾರ ಗಾಡಿ ತೆಗೆದುಕೊಳ್ಳುವ ಹಕ್ಕು ಅವರಿಗೆ ಉಂಟು. ಇಲ್ಲ ಅಂತ ನಾನು ಸುಳ್ಳು ಹೇಳಲಾರೆ. ಆದರೆ ಬೈದು, ಹೊಡೆದು ಕಿತ್ತುಕೊಳ್ಳುವ ಹಕ್ಕು ಇಲ್ಲ. ಗೂಂಡಾಗಳನ್ನು ಬಿಟ್ಟು ಗಾಡಿ ಎಳೆಸಬಾರದು ಎಂದು ಸುಪ್ರೀಂ ಕೋರ್ಟು 2007ರಲ್ಲೇ ಹೇಳಿದೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ಹೇಳಿತು.

ಬರುವ ಹುಡುಗರು ಹೆಚ್ಚಾಗಿ ಏಜೆಂಟರು. ಗಾಡಿ ಹಿಡಿದರೆ ಅವರಿಗೆ ಕಮಿಷನ್. ಅದಕ್ಕೇ ಅಷ್ಟು ಅವಸರ. ನೀವು ಅವಸರ ಪಡಬೇಡಿ. ಗುರುತಿನ ಚೀಟಿ ಕೇಳಿ. ಫೈನಾನ್ಸಿನವರು ಕೊಟ್ಟ ಅಧಿಕಾರ ಪತ್ರ ಕೇಳಿ. ನೋಟಿಸು ಎಲ್ಲಿ ಅಂತ ಕೇಳಿ.

ಆಮೇಲೆ ಒಂದು ಕಾಗದ ಹೊರಗೆ ಬರುತ್ತದೆ. "ಅಕ್ಕಾ, ಇಲ್ಲೊಂದು ಸೈನ್ ಹಾಕಿ, ಸುಮ್ನೆ ಲೆಕ್ಕಕ್ಕೆ" ಅಂತಾರೆ. ಲೆಕ್ಕಕ್ಕಲ್ಲ! "ನಾನೇ ಇಷ್ಟಪಟ್ಟು ಗಾಡಿ ಒಪ್ಪಿಸಿದ್ದೇನೆ" ಅಂತ ಅದರಲ್ಲಿ ಇದ್ದೀತು. ಸಹಿ ಬಿದ್ದ ಮೇಲೆ, ಕಿತ್ತುಕೊಂಡರು ಅಂದರೆ ಯಾರು ನಂಬುತ್ತಾರೆ? ಹಿಂದೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಿದ್ದರು. ಈಗ ನೀವು ಅಕ್ಷರ ಕೂಡಿಸಿ ಓದಿ. ಎಷ್ಟು ಹೊತ್ತಾದರೂ ಆಗಲಿ, ಅವರು ಕಾಯಲಿ. ಇಂಗ್ಲಿಷಿನಲ್ಲಿ ಇದ್ದರೆ "ಓದಿಸಿಕೊಂಡು ಆಮೇಲೆ ನೋಡ್ತೀನಪ್ಪ" ಅನ್ನಿ. ಖಾಲಿ ಕಾಗದಕ್ಕಂತೂ ಸಹಿ ಬೇಡವೇ ಬೇಡ.

ಗಾಡಿ ಹೋದರೆ ಅದರೊಳಗಿನ ಸ್ಟೆಪ್ನಿ, ಟಾರ್ಪಾಲು, ಮೂಟೆ ಎಲ್ಲಾ ಬರೆಸಿ ಒಂದು ಪ್ರತಿ ಇಸ್ಕೊಳ್ಳಿ. ಮಾರುವ ಮೊದಲು ಬಾಕಿ ಕಟ್ಟಲು ಅವರು ಕೊನೆಯ ಅವಕಾಶ ಕೊಡಬೇಕು. ಹರಾಜಿನಲ್ಲಿ ಸಾಲಕ್ಕಿಂತ ಹೆಚ್ಚು ಬಂದರೆ ಉಳಿದ ಹಣ ನಿಮ್ಮದು. ಕಡಿಮೆ ಬಂದರೆ ನಿಮ್ಮನ್ನೂ ಕೇಳುತ್ತಾರೆ, ಜಾಮೀನು ಹಾಕಿದವರನ್ನೂ ಕೇಳುತ್ತಾರೆ. ಅದಕ್ಕೇ ಲೆಕ್ಕ ಕೇಳಬೇಕು.

ಕೈ ಮಾಡಿದರೆ ತಕ್ಷಣ 112ಕ್ಕೆ ಫೋನ್ ಮಾಡಿ. ಉಳಿದ ದೂರನ್ನು ಮೊದಲು ಫೈನಾನ್ಸ್ ಕಚೇರಿಗೇ ಬರೆದುಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಕೇಳಿ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಹೋಗುವಾಗ ಸಾಲಪತ್ರ, ಕಂತಿನ ರಸೀದಿ, ನೋಟಿಸು ಎಲ್ಲಾ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ.