ವಿಳಾಸ ನಿಜವಾಗಿಯೂ ಮರೆಯಾಯಿತೇ?





ಹತ್ತನೇ ತರಗತಿಯ ಹುಡುಗನೊಬ್ಬ ಒಂದು ದಿನ ನನ್ನ ಬಳಿ ಬಂದು, "ಸರ್, ಮೊಬೈಲಿಗೆ ಪ್ರಾಕ್ಸಿ ಹಾಕಿದ್ದೇನೆ. ಇನ್ನು ನಾನು ಏನು ಬರೆದರೂ ಯಾರೆಂದು ಗೊತ್ತಾಗುವುದಿಲ್ಲ" ಎಂದ. "ಪರೀಕ್ಷೆ ಮಾಡಿ ನೋಡಿದೆಯಾ?" ಎಂದೆ. ಇಲ್ಲವೆಂದು ತಲೆಯಾಡಿಸಿದ. ಆ ಪರೀಕ್ಷೆಯನ್ನು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಇಬ್ಬರೂ ಕೂತು ಮಾಡಿದೆವು. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ನೀವು ಒಂದು ಜಾಲತಾಣ ತೆರೆದಾಗ, ಉತ್ತರ ಎಲ್ಲಿಗೆ ಕಳುಹಿಸಬೇಕೆಂದು ಅದಕ್ಕೆ ತಿಳಿದಿರಬೇಕು. ಅದಕ್ಕಾಗಿ ಇರುವುದೇ ಐಪಿ ವಿಳಾಸ. ಹಳೆಯ ಪದ್ಧತಿಯಲ್ಲಿ ಇದು ಚುಕ್ಕೆ ಇಟ್ಟು ಬರೆದ ನಾಲ್ಕು ಸಂಖ್ಯೆಗಳು. ಒಂದೊಂದೂ 0 ರಿಂದ 255 ರ ಒಳಗೆ. ಹೊಸ ಪದ್ಧತಿಯಲ್ಲಿ ಅಕ್ಷರಗಳೂ ಸೇರಿ ಇನ್ನೂ ಉದ್ದ. ಪ್ರಾಕ್ಸಿ ಸರ್ವರ್ ಎಂದರೆ ನಡುವಿನ ಆಳು. ನಿಮ್ಮ ಕಾಗದವನ್ನು ಪಡೆದು, ತನ್ನ ವಿಳಾಸ ಹಾಕಿ ಮುಂದಕ್ಕೆ ಕಳುಹಿಸುತ್ತದೆ.

ಪರೀಕ್ಷೆ ಸುಲಭ. ಮೊದಲು ಪ್ರಾಕ್ಸಿ ಇಲ್ಲದೆ, ಐಪಿ ವಿಳಾಸ ತೋರಿಸುವ ತಾಣವೊಂದನ್ನು ತೆರೆದು ಅಲ್ಲಿ ಕಂಡದ್ದನ್ನು ಬರೆದುಕೊಳ್ಳಿ. ಆಮೇಲೆ ಪ್ರಾಕ್ಸಿ ಹಾಕಿ ಅದೇ ತಾಣ ತೆರೆಯಿರಿ. ಎರಡೂ ಒಂದೇ ಆದರೆ ಏನೂ ಮರೆಯಾಗಿಲ್ಲ. ನಮಗೆ ಸಂಖ್ಯೆ ಬದಲಾಗಿತ್ತು. ಹುಡುಗ ನಕ್ಕ.

ಎರಡನೆಯ ಹೆಜ್ಜೆ ಇಟ್ಟೆವು. ತಾಣಕ್ಕೆ ಹೋಗುವ ಪ್ರತಿ ಕೋರಿಕೆಯ ಮೇಲೆ ಹೆಡರ್ ಎಂಬ ಸಾಲುಗಳಿರುತ್ತವೆ. ಬೀಗದ ಗುರುತಿಲ್ಲದ, ಅಂದರೆ ಎಚ್‌ಟಿಟಿಪಿ ತಾಣಕ್ಕೆ ಹೋಗುವಾಗ ಕೆಲವು ಪ್ರಾಕ್ಸಿಗಳು 'ಎಕ್ಸ್-ಫಾರ್ವರ್ಡೆಡ್-ಫಾರ್' ಎಂಬ ಸಾಲಿನಲ್ಲಿ ನಿಮ್ಮ ಮೂಲ ವಿಳಾಸವನ್ನೇ ಬರೆದುಬಿಡುತ್ತವೆ. ಹೆಡರ್‌ಗಳನ್ನು ತೋರಿಸುವ ಅಂಥ ತಾಣವೊಂದನ್ನು ತೆರೆದೆವು. ನಮ್ಮ ಶಾಲೆಯ ವಿಳಾಸ ಒಂದು ಅಂಕೆಯೂ ತಪ್ಪದೆ ಅಲ್ಲಿತ್ತು. ಹುಡುಗನ ನಗು ನಿಂತಿತು.

ಇನ್ನೂ ದಾರಿಗಳಿವೆ. ಬ್ರೌಸರಿನಲ್ಲಿ ಧ್ವನಿ, ವಿಡಿಯೋ ಮಾತುಕತೆಗೆಂದು ಇರುವ ವೆಬ್‌ಆರ್‌ಟಿಸಿ ಪ್ರಾಕ್ಸಿಯನ್ನು ದಾಟಿ ಮೂಲ ವಿಳಾಸ ಹೊರಗೆಡವಬಹುದು. ಮೊಬೈಲಿನ ವೈ-ಫೈಗೆ ಹಾಕಿದ ಪ್ರಾಕ್ಸಿಯನ್ನು ಬ್ರೌಸರ್ ಬಳಸಿದರೂ ಬೇರೆ ಆ್ಯಪ್‌ಗಳು ಬಳಸದೇ ಇರಬಹುದು. ನಿಮ್ಮ ಖಾತೆಗೆ ಲಾಗಿನ್ ಆದರಂತೂ ಹೆಸರನ್ನು ನೀವೇ ಹೇಳಿದಂತಾಯಿತು.

ಎಲ್ಲ ಪರೀಕ್ಷೆಯಲ್ಲಿ ಪಾಸಾದರೂ ಒಂದು ಮಾತು ಉಳಿಯುತ್ತದೆ. ತಾಣಕ್ಕೆ ಕಾಣದ ವಿಳಾಸ ಪ್ರಾಕ್ಸಿ ನಡೆಸುವವನಿಗೆ ಕಾಣುತ್ತದೆ. ವಿಳಾಸ ಮರೆಯಾಗಲಿಲ್ಲ, ಕೈ ಬದಲಾಯಿಸಿತು ಅಷ್ಟೆ. ಬೀಗವಿಲ್ಲದ ತಾಣದಲ್ಲಿ ನೀವು ಒತ್ತಿದ ಪಾಸ್‌ವರ್ಡನ್ನೂ ಅವನು ಓದಬಲ್ಲ. ಆದ್ದರಿಂದ ವಿದ್ಯಾರ್ಥಿವೇತನದ ಅರ್ಜಿ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಇವನ್ನು ಯಾರದೋ ಉಚಿತ ಪ್ರಾಕ್ಸಿಯ ಮೂಲಕ ಎಂದೂ ಕಳುಹಿಸಬೇಡಿ.

ಹಾಗೆಂದು ಖಾಸಗಿತನ ಬಯಸುವುದು ತಪ್ಪಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24 ರಂದು ಅದನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ ಹಕ್ಕು ಬೇರೆ, ಮರೆಯಲ್ಲಿ ನಿಂತು ಕಲ್ಲೆಸೆಯುವುದು ಬೇರೆ. ಆ ಹುಡುಗ ಸಹಪಾಠಿಯೊಬ್ಬಳ ಬಗ್ಗೆ ಕೆಟ್ಟದಾಗಿ ಬರೆಯಬೇಕೆಂದಿದ್ದ. ಪರೀಕ್ಷೆ ಮುಗಿದ ಮೇಲೆ ತಾನಾಗಿಯೇ ಹೇಳಿದ. ಬರೆಯಲಿಲ್ಲ.

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 12ನೇ ವಚನವನ್ನು ಅವನಿಗೆ ನೆನಪಿಸಿದೆ. ಪರರ ಗುಟ್ಟು ಕೆದಕುವುದು, ಬೆನ್ನ ಹಿಂದೆ ಆಡಿಕೊಳ್ಳುವುದು, ಎರಡನ್ನೂ ಅದು ಒಟ್ಟಿಗೇ ನಿಷೇಧಿಸುತ್ತದೆ. ನಮ್ಮ ಗುಟ್ಟು ಕಾಯಲಿ ಎಂದು ಬಯಸುವ ನಾವು ಇನ್ನೊಬ್ಬರ ಮಾನವನ್ನೂ ಕಾಯಬೇಕು.

ವಿದ್ಯಾರ್ಥಿಗಳೇ, ಯಾವುದನ್ನೂ ನಂಬುವ ಮೊದಲು ಪರೀಕ್ಷಿಸಿ. ನಿಮ್ಮ ಹೆಸರು ಹಾಕಿ ಬರೆಯಲಾಗದ್ದನ್ನು ಹೆಸರು ಮರೆಸಿಯೂ ಬರೆಯಬೇಡಿ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ. ಖುದಾ ಹಾಫಿಜ್.