ಬೇಟೆಗಾರನ ಸ್ಟಾಂಪು, ಮಾಲೂರಿನ ಟೊಮೇಟೊ

ಬೇಟೆ ಆಡೋರ ದುಡ್ಡಿಂದ ಕಾಡು, ಕೆರೆ ಉಳಿಯುತ್ತೆ ಅಂದ್ರೆ ನಂಬ್ತೀರಾ? ನಾನೂ ಮೊದಲು ನಂಬಿರಲಿಲ್ಲ.

ಅಮೆರಿಕದಲ್ಲಿ 1934ರಲ್ಲಿ ಒಂದು ಕಾನೂನು ಬಂತು. ಬಾತುಕೋಳಿ ಬೇಟೆಗೆ ಹೋಗುವವನು ಒಂದು ಸ್ಟಾಂಪು ಕೊಳ್ಳಲೇಬೇಕು. ಆಗ ಒಂದು ಡಾಲರ್, ಈಗ 25. ಆ ದುಡ್ಡಲ್ಲಿ ನೂರಕ್ಕೆ 98ರಷ್ಟು ಹಕ್ಕಿ ಇಳಿಯುವ ಜೌಗು ಭೂಮಿಯನ್ನು ಉಳಿಸೋಕೆ ಹೋಗುತ್ತೆ. 1937ರಲ್ಲಿ ಬಂದೂಕು, ತೋಟಾ ಮೇಲಿನ ತೆರಿಗೆಯನ್ನೂ ವನ್ಯಜೀವಿಗೇ ಮೀಸಲಿಟ್ಟರು. ಜೊತೆಗೊಂದು ಷರತ್ತು: ಬೇಟೆ ಲೈಸೆನ್ಸಿನ ಹಣವನ್ನು ಬೇರೆ ಖರ್ಚಿಗೆ ತಿರುಗಿಸುವ ರಾಜ್ಯಕ್ಕೆ ಇದರಲ್ಲಿ ಪಾಲಿಲ್ಲ. ನನಗೆ ಹಿಡಿಸಿದ್ದು ಬಂದೂಕಲ್ಲ, ಈ ಷರತ್ತು.

ನಮ್ಮಲ್ಲಿ ಬೇಟೆ ಬೇಡ. 1972ರ ಕಾನೂನು ಅದನ್ನು ನಿಲ್ಲಿಸಿದೆ, ಸರಿಯಾಗೇ ಮಾಡಿದೆ. ಮಹಾರಾಜರು ಬೇಟೆಯಾಡುತ್ತಿದ್ದ ಬಂಡೀಪುರಕ್ಕೆ ಇವತ್ತು ಸಫಾರಿ ಹಣ ಬರುತ್ತೆ. ಹುಲಿ ಇರೋ ಕಾಡಿಗೆ ದುಡ್ಡಿನ ದಾರಿ ಇದೆ ಬಿಡಿ.

ಕೋಲಾರಕ್ಕೆ? ಇಲ್ಲಿ ಹುಲಿ ಇಲ್ಲ, ಟಿಕೆಟ್ ಕೌಂಟರ್ ಇಲ್ಲ. ಇರೋದು ತಮಿಳುನಾಡು ಗಡಿ ದಾಟಿ ಮಾಲೂರಿಗೆ ನುಗ್ಗುವ ಆನೆ. ಮುಳಬಾಗಿಲು, ಶ್ರೀನಿವಾಸಪುರದ ಹೊಲಗಳಲ್ಲಿ ಕಾಡುಹಂದಿ. ಅಮೆರಿಕದ ಬೇಟೆಗಾರ ಸ್ಟಾಂಪು ಕೊಂಡು ಕಟ್ಟುವ ತೆರಿಗೆಯನ್ನ ನಮ್ಮ ರೈತ ಸಾಲ ಮಾಡಿ ಬೆಳೆದ ಟೊಮೇಟೊ ಕಳಕೊಂಡು ಕಟ್ತಾ ಇದ್ದಾನೆ. ಆಮೇಲೆ ಪರಿಹಾರಕ್ಕೆ ಪಹಣಿ, ಫೋಟೋ, ಮಹಜರು ಅಂತ ಅಲೆದಾಟ. ರೋಸಿ ಹೋದವನು ಬೇಲಿಗೆ ಕದ್ದು ಕರೆಂಟ್ ಕೊಡ್ತಾನೆ. ಆನೆ ಸಾಯುತ್ತೆ, ಅವನು ಜೈಲಿಗೆ. ಕೆಲವೊಮ್ಮೆ ಆ ತಂತಿಗೆ ಅವನೇ ಬಲಿ.

ಆನೆ ಯಾಕೆ ಬರುತ್ತೆ? ಈ ಜಿಲ್ಲೆಯಲ್ಲಿ ನಾವು ಎಕರೆಗಟ್ಟಲೆ ನೀಲಗಿರಿ ನೆಟ್ಟಿದ್ದೇವೆ. ಹೊಸದಾಗಿ ನೆಡಬೇಡಿ ಅಂತ ಸರ್ಕಾರ ಹೇಳಿದ್ದು 2017ರಲ್ಲಿ! ನೀಲಗಿರಿ ತೋಪಿನಲ್ಲಿ ಆನೆಗೆ ಹಗಲು ಅಡಗೋಕೆ ನೆರಳು ಸಿಗುತ್ತೆ, ತಿನ್ನೋಕೆ ಏನೂ ಸಿಗಲ್ಲ. ಕತ್ತಲಾದ್ರೆ ಪಕ್ಕದ ಹೊಲವೇ ಗತಿ.

ದುಡ್ಡಿಲ್ಲ ಅನ್ನಬೇಡಿ. ಗಣಿಗೆ, ರಸ್ತೆಗೆ ಕಾಡು ಕೊಟ್ಟಾಗ ಕಂಪನಿಗಳು ಕಟ್ಟುವ ಹಣಕ್ಕೆ 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆ ಇದೆ. ಶೇಕಡ 90 ರಾಜ್ಯಕ್ಕೇ ಬರುತ್ತೆ. ಕ್ಯಾಂಪಾ ಅಂತಾರಲ್ಲ, ಅದೇ. ನೀಲಗಿರಿ ತೆಗೆದು ಬಿದಿರು, ಆಲ, ಅತ್ತಿ ಬೆಳೆಸೋಕೆ, ಕಾಡೊಳಗೆ ನೀರಿನ ಹೊಂಡಕ್ಕೆ, ಗಡಿಯ ಬೇಲಿಗೆ ಅದನ್ನು ಖರ್ಚು ಮಾಡಬಹುದು.

ಅರಣ್ಯ ಸಚಿವರೇ, ಆ ಹಣದಲ್ಲಿ ಮಾಲೂರು ಗಡಿಗೆ ಬಂದಿದ್ದೆಷ್ಟು? ವರ್ಷವಾರು ಲೆಕ್ಕ ಕಳಿಸಿ. ಇದೇ ಪರದೆ ಮೇಲೆ ಹಾಕ್ತೀನಿ.