ವೈಜಾಗ್‌ನ ಉಪ್ಪುಗಾಳಿ, ವಿಜಯವಾಡದ ನೀರು: ಮನೆಗೆ ಯಾವ ಬೋರ್ಡ್ ಹಾಕಿಸೋದು?

ಬೆಂಗಳೂರಿನಿಂದ ವೈಜಾಗ್‌ಗೋ ವಿಜಯವಾಡಕ್ಕೋ ಬಂದು ಫ್ಲ್ಯಾಟ್ ತಗೊಂಡ ನಮ್ಮವರು ಕೀ ಕೈಗೆ ಬಂದ ವಾರವೇ ಕೇಳೋ ಪ್ರಶ್ನೆ ಒಂದೇ. "ಅಡುಗೆಮನೆಗೆ, ವಾರ್ಡ್‌ರೋಬ್‌ಗೆ ಯಾವ ಬೋರ್ಡ್ ಹಾಕಿಸೋದು?" ಇವತ್ತು ಅದರ ಬಗ್ಗೆಯೇ ಮಾತಾಡೋಣ.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ಮಧುರವಾಡದಲ್ಲಿ ಮನೆ ತಗೊಂಡಾಗ ಬೆಂಗಳೂರಿನ ಮನೆಯಲ್ಲಿ ಇದ್ದದ್ದನ್ನೇ ಇಲ್ಲೂ ಮಾಡಿಸಿದೆ. ಎಲ್ಲ ಕಡೆಗೂ ಲ್ಯಾಮಿನೇಟ್ ಅಂಟಿಸಿದ ಪಾರ್ಟಿಕಲ್ ಬೋರ್ಡ್. ನೋಡೋಕೆ ಚೆಂದ, ಎರಡೇ ವಾರದಲ್ಲಿ ಕೆಲಸ ಮುಗೀತು. ಎರಡನೇ ಮಳೆಗಾಲಕ್ಕೆ ಸಿಂಕ್ ಕೆಳಗಿನ ಬಾಗಿಲು ಮುಚ್ಚಲಿಲ್ಲ. ತಳದ ಹಲಗೆ ನೆನೆದ ರಸ್ಕ್ ಥರ ಉಬ್ಬಿತ್ತು. ಹಿಂಜಿನ ಸ್ಕ್ರೂ ಕೈಯಲ್ಲೇ ಬಂತು. ಆ ಸಾಲದ ಇಎಂಐ ಇನ್ನೂ ಮುಗಿದಿರಲಿಲ್ಲ.

ತಪ್ಪು ಬೋರ್ಡ್‌ನದ್ದಲ್ಲ, ಜಾಗ ನೋಡದ ನನ್ನದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ಒಣ. ವೈಜಾಗ್ ಕಡಲ ದಂಡೆ. ಮುಂಗಾರು, ಹಿಂಗಾರು ಎರಡೂ ಇಲ್ಲಿ ಸುರಿಯುತ್ತವೆ. ತೇವದ ಜೊತೆ ಉಪ್ಪೂ ಇದೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಬಂದಾಗ ಕಿಟಕಿ ಗಾಜು ಒಡೆದು ಮಳೆ ನೇರ ಮನೆಯೊಳಗೇ ಬಂದದ್ದನ್ನ ಇಲ್ಲಿನ ಹಳಬರು ಈಗಲೂ ಹೇಳ್ತಾರೆ.

ವಿಜಯವಾಡದ ಕಥೆ ಬೇರೆ. ಮೇ ತಿಂಗಳಲ್ಲಿ ಮರ ಸಿಡಿಯೋ ಬಿಸಿಲು, ಆಮೇಲೆ ಮಳೆ. 2024ರ ಸೆಪ್ಟೆಂಬರ್ ಮೊದಲ ವಾರ ಬುಡಮೇರು ಉಕ್ಕಿ ಅಜಿತ್ ಸಿಂಗ್ ನಗರದ ಕಡೆ ದಿನಗಟ್ಟಲೆ ನೀರು ನಿಂತಿತ್ತು. ಅಲ್ಲಿ ನೆಲಮಹಡಿಯಲ್ಲಿದ್ದ ಹಾಸನದ ಕಡೆಯ ಗೆಳೆಯನ ಮನೆಗೆ ನೀರು ಇಳಿದ ಮೇಲೆ ಹೋಗಿದ್ದೆ. ಎಂಡಿಎಫ್ ಟಿವಿ ಯೂನಿಟ್ ಪೊರೆಪೊರೆಯಾಗಿ ಬಿಚ್ಚಿಕೊಂಡಿತ್ತು. ಅವರಮ್ಮ ಊರಿಂದ ತಂದಿದ್ದ ಹಳೇ ತೇಗದ ಪೆಟ್ಟಿಗೆ ಕೆಸರು ತೊಳೆದ ಮೇಲೆ ಹಾಗೇ ನಿಂತಿತ್ತು. ಹಾಗಂತ ಈಗ ಇಡೀ ಮನೆಗೆ ತೇಗ ಹಾಕಿಸೋಕೆ ನಮ್ಮ ಕೈಲಾಗುತ್ತಾ? ಇಲ್ಲ. ಅದಕ್ಕೇ ಬೋರ್ಡ್‌ಗಳನ್ನ ಸರಿಯಾಗಿ ತಿಳ್ಕೋಬೇಕು.

ನನ್ನ ಅಡುಗೆಮನೆ ರಿಪೇರಿಗೆ ಬಂದ ಬಡಗಿ ಒಂದು ಮಾತು ಹೇಳಿದ್ರು: "ಚೆಕ್ಕ ಕಾದು ಸಾರ್, ಮುಂದು ಜಿಗುರು ಚೂಡಂಡಿ." ಅಂದ್ರೆ ಮರಕ್ಕಿಂತ ಮೊದಲು ಅಂಟು ನೋಡಿ ಅಂತ. ಪ್ಲೈವುಡ್‌ನ ಗುಟ್ಟು ಇದೇ. ತೆಳು ಮರದ ಹಾಳೆಗಳನ್ನ ಒಂದರ ನಾರು ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ ಇಟ್ಟು ಅಂಟಿಸಿ ಒತ್ತಿರ್ತಾರೆ. ಎಂಆರ್ ಪ್ಲೈನಲ್ಲಿ ಸಾಮಾನ್ಯವಾಗಿ ಯೂರಿಯಾ ಅಂಟು. ಗಾಳಿಯ ತೇವ ತಡೆಯುತ್ತೆ, ನಿಂತ ನೀರನ್ನಲ್ಲ. ಬಿಡಬ್ಲ್ಯೂಆರ್ ಮತ್ತು ಮರೈನ್ ಪ್ಲೈನಲ್ಲಿ ಫಿನಾಲ್ ಅಂಟು. ಎಂಆರ್, ಬಿಡಬ್ಲ್ಯೂಆರ್ ಎರಡೂ ಐಎಸ್ 303ರ ಅಡಿ ಬರುತ್ತವೆ. ಮರೈನ್ ಪ್ಲೈಗೆ ಐಎಸ್ 710. ಅದರ ಅಂಟನ್ನ 72 ಗಂಟೆ ಕುದಿಯೋ ನೀರಲ್ಲಿ ಪರೀಕ್ಷೆ ಮಾಡ್ತಾರೆ. ಅಂಗಡಿಯವರು ಬಾಯಲ್ಲಿ "ಮರೈನ್" ಅಂದ್ರೆ ಸಾಲದು, ಹಾಳೆ ಮೇಲೆ 710 ಅಂತ ಮುದ್ರೆ ಇರಬೇಕು. ಐಎಸ್‌ಐ ಗುರುತಿನ ಹತ್ತಿರ ಸಿಎಂ/ಎಲ್ ಸಂಖ್ಯೆ ಇರುತ್ತೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನ ಹಾಕಿ ನೋಡಿ, ಲೈಸೆನ್ಸ್ ಯಾರದ್ದು ಅಂತ ಅಲ್ಲೇ ಗೊತ್ತಾಗುತ್ತೆ.

ಈಗ ಜಾಗದ ಪ್ರಕಾರ ಹೋಗೋಣ.

ಸಿಂಕ್ ಕೆಳಗೆ, ಬಾತ್‌ರೂಮ್ ಪಕ್ಕದ ಗೋಡೆಗೆ: ಐಎಸ್ 710 ಪ್ಲೈ. ಅಥವಾ ಪಿವಿಸಿ, ಡಬ್ಲ್ಯೂಪಿಸಿ ಹಲಗೆ. ಇವು ನೀರು ಕುಡಿಯಲ್ಲ, ಗೆದ್ದಲೂ ಹತ್ತಲ್ಲ. ಆದ್ರೆ ಭಾರ ಹೊತ್ತರೆ ಬಾಗುತ್ತವೆ, ಸ್ಕ್ರೂ ಹಿಡಿತವೂ ಕಮ್ಮಿ. ಪಾತ್ರೆ ತುಂಬೋ ಉದ್ದ ಶೆಲ್ಫ್‌ಗೆ ಬೇಡ.

ಉಳಿದ ಅಡುಗೆಮನೆಗೆ: ಬಿಡಬ್ಲ್ಯೂಆರ್ ಪ್ಲೈ ಸಾಕು.

ಬೆಡ್‌ರೂಮ್ ವಾರ್ಡ್‌ರೋಬ್‌ಗೆ: ಒಣ ಗೋಡೆಯಾದ್ರೆ ಎಂಆರ್ ಪ್ಲೈ ನಡೆಯುತ್ತೆ. ಉದ್ದ ಬಾಗಿಲಿಗೆ ಬ್ಲಾಕ್‌ಬೋರ್ಡ್ ಒಳ್ಳೇದು, ಹಗುರ, ಸುಲಭಕ್ಕೆ ಬಾಗಲ್ಲ.

ಬಣ್ಣ ಹೊಡೆದ, ಕೊರೆದ ವಿನ್ಯಾಸದ ಬಾಗಿಲಿಗೆ: ಎಂಡಿಎಫ್ ಅಥವಾ ಎಚ್‌ಡಿಎಚ್‌ಎಂಆರ್. ಮೈ ನುಣುಪು. ಆದ್ರೆ ಎಚ್‌ಡಿಎಚ್‌ಎಂಆರ್ ಅಂದ್ರೆ ತೇವ ತಡೆಯೋದು, ನೀರಲ್ಲಿ ಮುಳುಗಿಸೋದಲ್ಲ.

ಪಾರ್ಟಿಕಲ್ ಬೋರ್ಡ್: ಬಾಡಿಗೆ ಮನೆಯ ಸ್ಟಡಿ ಟೇಬಲ್‌ಗೆ ಸರಿ. ಪದೇಪದೇ ಬಿಚ್ಚಿ ಜೋಡಿಸಿದ್ರೆ ಸ್ಕ್ರೂ ತೂತು ಸಡಿಲ ಆಗುತ್ತೆ, ಊರು ಬದಲಾಯಿಸೋರು ಇದನ್ನ ನೆನಪಿಡಿ.

ಖರ್ಚಿನ ಲೆಕ್ಕ ಹೀಗೆ ಹಾಕಿ. ಒಂದು ಹಾಳೆ 8 ಅಡಿಗೆ 4 ಅಡಿ, ಅಂದ್ರೆ 32 ಚದರಡಿ. ಎರಡು ದರ್ಜೆಗಳ ನಡುವೆ ಚದರಡಿಗೆ 40 ರೂಪಾಯಿ ವ್ಯತ್ಯಾಸ ಇದೆ ಅಂತ ಇಟ್ಕೊಳ್ಳಿ. ಹಾಳೆಗೆ 1,280 ರೂಪಾಯಿ. ನೀರು ತಾಗೋ ಜಾಗಕ್ಕೆ ನಾಲ್ಕು ಹಾಳೆ ಬೇಕಾದ್ರೆ 5,120. ಇಡೀ ಮನೆಗೆ ದುಬಾರಿ ಪ್ಲೈ ಬೇಡ, ಆ ನಾಲ್ಕು ಹಾಳೆಯಲ್ಲಿ ಮಾತ್ರ ಜಿಪುಣತನ ಮಾಡಬೇಡಿ.

ಇನ್ನು ನಾಲ್ಕು ಮಾತು. ನೀರು ಹೊಗೋದು ಅಂಚಿನಿಂದ; ಸಿಂಕ್‌ಗೆ ಕೊರೆದ ಜಾಗ, ಪೈಪ್ ತೂತು, ಎಲ್ಲ ಅಂಚೂ ಸೀಲ್ ಮಾಡಿಸಿ. ಲ್ಯಾಮಿನೇಟ್ ಒಂದೇ ಕಡೆ ಅಂಟಿಸಿದ್ರೆ ಬಾಗಿಲು ಬಾಗುತ್ತೆ, ಒಳಗಡೆಗೂ ಹಾಕಿಸಿ. ಕ್ಯಾಬಿನೆಟ್‌ನ ನೆಲದಿಂದ ನಾಲ್ಕು ಇಂಚು ಕಾಲ ಮೇಲೆ ನಿಲ್ಲಿಸಿ. ಕಡಲ ಹತ್ತಿರ ಇದ್ರೆ ಹಿಂಜು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲೇ ಇರಲಿ. ಮನೆಯಲ್ಲಿ ಕೂಸು ಇದ್ರೆ ಇ1 ಅಥವಾ ಇ0 ಬೋರ್ಡ್ ಕೇಳಿ. ಅಂಟಿನಿಂದ ಬರೋ ಫಾರ್ಮಾಲ್ಡಿಹೈಡ್ ಅದರಲ್ಲಿ ಕಮ್ಮಿ. ಕೆಲಸ ಮುಗಿದ ಮೇಲೂ ಕೆಲವು ವಾರ ಕಿಟಕಿ ತೆಗೆದಿಡಿ.

ಕೊನೇ ಮಾತು. ನಮ್ಮ ಚನ್ನಪಟ್ಟಣದ ಗೊಂಬೆ ಆಲೆ ಮರದ್ದು. ವೈಜಾಗ್‌ನಿಂದ ದಕ್ಷಿಣಕ್ಕೆ ಹೋದ್ರೆ ಸಿಗೋ ಏಟಿಕೊಪ್ಪಾಕದವರು ಅದೇ ಮರವನ್ನ ಅಂಕುಡು ಅಂತಾರೆ, ಅವರೂ ಅರಗಿನ ಗೊಂಬೆ ಮಾಡ್ತಾರೆ. ವಿಜಯವಾಡದ ಪಕ್ಕದ ಕೊಂಡಪಲ್ಲಿಯವರು ಮಾತ್ರ ತೆಲ್ಲ ಪೊಣಿಕಿ ಅನ್ನೋ ಹಗುರ ಮರ ಹಿಡಿದಿದ್ದಾರೆ. ಗೊಂಬೆ ಮಾಡೋರೇ ಕೆಲಸ ನೋಡಿ ಮರ ಆರಿಸ್ತಾರೆ. ಇಪ್ಪತ್ತು ವರ್ಷ ಬಾಳಬೇಕಾದ ಮನೆಗೆ ನಾವು ಬಣ್ಣದ ಕ್ಯಾಟಲಾಗ್ ನೋಡಿ ಸಹಿ ಹಾಕೋದು ಬೇಡ. ಅಂಗಡಿಗೆ ಹೋಗಿ, ಹಾಳೆ ತಿರುಗಿಸಿ, ಮುದ್ರೆ ಓದಿ.